ನದಿ ದಾಟಿದ ಮೇಲೆ ಮಾತಾಡದ ಅಕ್ಕ

ಸ್ಯಾನ್ ರಮೋನಿನ ಲೈಬ್ರರಿಯಲ್ಲಿ ಪ್ರತಿ ಮಂಗಳವಾರ ಬೆಳಿಗ್ಗೆ ಹಿರಿಯರ ಬರವಣಿಗೆಯ ಗುಂಪೊಂದು ಸೇರುತ್ತದೆ. ಬದುಕಿನಲ್ಲಿ ಕಂಡದ್ದನ್ನು ಬರೆದಿಡಬೇಕೆಂಬ ಆಸೆ ಇರುವ, ಆದರೆ ಕಂಪ್ಯೂಟರಿನ ಮುಂದೆ ಕೈ ಓಡದ ಏಳೆಂಟು ಜನ. ಅವರು ಕಾಗದದ ಮೇಲೆ ಬರೆದು ತಂದದ್ದನ್ನು ಟೈಪು ಮಾಡಿಕೊಡುವುದು ನನ್ನ ಕೆಲಸ. ಆಫೀಸಿಗೆ ವಾರಕ್ಕೆ ಮೂರೇ ದಿನ ಹೋಗುವುದೆಂದು ತೀರ್ಮಾನಿಸಿದ ವರ್ಷ ಅಲ್ಲಿಗೆ ಹೋಗತೊಡಗಿದೆ. ಸಂಬಳವಿಲ್ಲ, ಯಾರೂ ಬಲವಂತ ಮಾಡಿದ್ದಲ್ಲ. ಮೈಸೂರಿನಲ್ಲಿ ನನ್ನ ಅಜ್ಜಿ ಹೇಳುತ್ತಿದ್ದ ಕಥೆಗಳನ್ನು ಯಾರೂ ಬರೆದುಕೊಳ್ಳಲಿಲ್ಲ ಎಂಬ ಕೊರಗು ಮನಸ್ಸಿನಲ್ಲಿ ಎಲ್ಲೋ ಇತ್ತೆಂದು ಕಾಣುತ್ತದೆ.

ಆ ಗುಂಪಿನಲ್ಲಿ ಒಬ್ಬ ಕೊರಿಯನ್ ಅಜ್ಜಿ ಇದ್ದರು. ಎಂಬತ್ತು ದಾಟಿದ್ದರೂ ಬೆನ್ನು ನೆಟ್ಟಗೆ. ಗಂಡನ ಜೊತೆ ಸೇರಿ ಮೂವತ್ತು ವರ್ಷ ಬಟ್ಟೆ ಆಲ್ಟರೇಷನ್ ಮಾಡುವ ಪುಟ್ಟ ಅಂಗಡಿ ನಡೆಸಿದ್ದವರು. ಗಂಡ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿ, ಲೈಬ್ರರಿಗೆ ನಡೆದು ಬರುವಷ್ಟು ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದರು. ಮಗಳು ಪಕ್ಕದ ಊರಾದ ಡ್ಯಾನ್‌ವಿಲ್‌ನಲ್ಲಿ ಡಾಕ್ಟರು. ಮೊದಲ ಕೆಲವು ವಾರ ಅವರು ನನ್ನ ಹತ್ತಿರ ಬರಲೇ ಇಲ್ಲ. ಮೂಲೆಯ ಮೇಜಿನಲ್ಲಿ ಕೂತು ಹಳದಿ ಕಾಗದದ ಪ್ಯಾಡಿನಲ್ಲಿ ಬರೆಯುತ್ತಿದ್ದರು, ಹೊಡೆದು ಹಾಕುತ್ತಿದ್ದರು, ಹನ್ನೊಂದೂವರೆಗೆ ಎದ್ದು ಹೋಗುತ್ತಿದ್ದರು.

ಸ್ಕೂಲಿಗೆ ರಜೆ ಬಂದಾಗ ನನ್ನ ಹತ್ತು ವರ್ಷದ ಮಗಳನ್ನೂ ಲೈಬ್ರರಿಗೆ ಕರೆದುಕೊಂಡು ಹೋಗುತ್ತಿದ್ದೆ. ಒಂದು ದಿನ ನನ್ನ ಗಂಡ ನಮ್ಮನ್ನು ಕರೆದೊಯ್ಯಲು ಒಳಗೆ ಬಂದಾಗ ಅವಳು, ಲೈಬ್ರರಿ ಅನ್ನುವುದನ್ನೂ ಮರೆತು, "ಅಪ್ಪಾ" ಎಂದು ಕೂಗಿ ಓಡಿದಳು. ಮೂಲೆಯ ಮೇಜಿನಿಂದ ಅಜ್ಜಿ ತಲೆಯೆತ್ತಿ ನೋಡಿದರು. ಮುಂದಿನ ವಾರ ನೇರವಾಗಿ ನನ್ನ ಬಳಿ ಬಂದರು.

"ನಿಮ್ಮಲ್ಲೂ ತಂದೇನ ಅಪ್ಪ ಅಂತಾರಾ?" ಎಂದು ಕೇಳಿದರು. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು. ನನ್ನ ಕಿವಿಗೆ ಅದು ಹೇಗೆ ಕೇಳಿಸಿತೋ ಹಾಗೆ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹೌದು. ತಾಯಿಗೆ ಅಮ್ಮ."

"ನಮ್ಮಲ್ಲಿ ಓಮ್ಮ." ಹಳದಿ ಪ್ಯಾಡನ್ನು ನನ್ನ ಮುಂದಿಟ್ಟರು. "ನಂದೂ ಟೈಪು ಮಾಡಿಕೊಡ್ತೀರಾ? ಇದು ಮಕ್ಕಳಿಗೆ ಬರೀತಿರೋ ಕಥೆ. ನನ್ನ ಮೊಮ್ಮಕ್ಕಳಿಗೆ ಕೊರಿಯನ್ ಓದೋಕೆ ಬರಲ್ಲ, ಅದಕ್ಕೇ ಇಂಗ್ಲಿಷು. ನನ್ನ ಇಂಗ್ಲಿಷು ಪ್ಯಾಂಟಿನ ಅಳತೆ ತೊಗೊಳ್ಳೋಷ್ಟು ಮಾತ್ರ. ತಪ್ಪಿದ್ರೆ ತಿದ್ದಿ."

ಅಂದಿನಿಂದ ನಾನೂ ಮಗಳೂ ಅವರನ್ನು ಹಲ್ಮೊನಿ ಎಂದು ಕರೆಯತೊಡಗಿದೆವು. ಅವರ ಭಾಷೆಯಲ್ಲಿ ಹಾಗೆಂದರೆ ಅಜ್ಜಿ.

ಕಥೆ ಕೊರಿಯಾ ಯುದ್ಧದ ಮೊದಲ ಚಳಿಗಾಲದ್ದು. ಉತ್ತರದ ಒಂದು ಸಣ್ಣ ಊರು. ತಂದೆ ಶಾಲೆಯ ಮೇಷ್ಟ್ರು. ಹಿಡಿದುಕೊಂಡು ಹೋಗುತ್ತಾರೆಂಬ ಸುದ್ದಿ ಬಂದು, ಒಂದು ತಿಂಗಳ ಮೊದಲೇ ದಕ್ಷಿಣಕ್ಕೆ ಹೊರಟುಹೋಗಿದ್ದಾರೆ. ಮನೆಯಲ್ಲಿ ಉಳಿದವರು ತಾಯಿ, ಅಜ್ಜಿ, ಹನ್ನೆರಡು ವರ್ಷದ ದೊಡ್ಡ ಹುಡುಗಿ, ಕಥೆ ಹೇಳುವ ಏಳು ವರ್ಷದ ಚಿಕ್ಕವಳು, ಕಂಕುಳ ಕೂಸು. ದಕ್ಷಿಣದ ಸೈನ್ಯ ಹಿಮ್ಮೆಟ್ಟುತ್ತಿದೆ, ಊರಿಗೆ ಊರೇ ದಕ್ಷಿಣಕ್ಕೆ ನಡೆಯುತ್ತಿದೆ. ಇವರೂ ಹೊರಡುತ್ತಾರೆ. ಸೇತುವೆ ಮುರಿದುಬಿದ್ದ ನದಿಯನ್ನು ತೆಳ್ಳಗೆ ಹೆಪ್ಪುಗಟ್ಟಿದ ಮಂಜುಗಡ್ಡೆಯ ಮೇಲೆ ದಾಟುತ್ತಾರೆ. ಹದಿನೈದು ದಿನ ನಡೆಯುತ್ತಾರೆ. ಗೂಡ್ಸ್ ರೈಲಿನ ಚಾವಣಿಯ ಮೇಲೆ, ಹಗ್ಗದಿಂದ ಒಬ್ಬರನ್ನೊಬ್ಬರು ಕಟ್ಟಿಕೊಂಡು ಕೂತು ಪ್ರಯಾಣ ಮಾಡುತ್ತಾರೆ. ಕೊನೆಗೆ ಸಮುದ್ರದ ದಂಡೆಯ ಬುಸಾನ್ ಊರಿನಲ್ಲಿ, ನಿರಾಶ್ರಿತರ ಗುಡಿಸಲುಗಳ ಮಧ್ಯೆ, ತಂದೆ ಸಿಗುತ್ತಾರೆ.

ಹಲ್ಮೊನಿ ಬರೆದದ್ದು ಸರಳವಾಗಿತ್ತು. ಎಲ್ಲಿಯೂ ಅಳು ಇಲ್ಲ. ರೈಲಿನ ಚಾವಣಿಯ ಮೇಲೆ ಚಿಕ್ಕವಳಿಗೆ ಒಂದಕ್ಕೆ ಬಂದಾಗ ತಾಯಿ ಏನು ಮಾಡಿದಳು, ಹೆಪ್ಪುಗಟ್ಟಿದ ಅನ್ನದ ಉಂಡೆಯನ್ನು ಕಂಕುಳಲ್ಲಿಟ್ಟು ಹೇಗೆ ಮೆತ್ತಗೆ ಮಾಡಿಕೊಂಡರು, ಇಂಥವೆಲ್ಲ ಇದ್ದವು. ಟೈಪು ಮಾಡುವಾಗ ನನ್ನ ಬೆರಳುಗಳು ನಿಂತುಬಿಡುತ್ತಿದ್ದವು.

ಆದರೆ ಎಂಟನೆಯ ಅಧ್ಯಾಯದ ಹೊತ್ತಿಗೆ ಅವರು ತಡವರಿಸತೊಡಗಿದರು. ಒಂದು ಮಂಗಳವಾರ ಪೂರ್ತಿ ಒಂದು ಸಾಲನ್ನೂ ಬರೆಯಲಿಲ್ಲ.

"ಮುಗಿಸೋದು ಹೇಗೆ ಅಂತ ಗೊತ್ತಾಗ್ತಿಲ್ಲ," ಎಂದರು.

ನಾನು ಯೋಚಿಸಲೇ ಇಲ್ಲ. "ಮಕ್ಕಳ ಪುಸ್ತಕ ಅಲ್ವಾ ಹಲ್ಮೊನಿ, ಎಲ್ಲರೂ ಒಟ್ಟಿಗೆ ಸೇರಿದ ಹಾಗೆ ಮುಗಿಸಿ. ಮಕ್ಕಳಿಗೆ ಸಮಾಧಾನ ಆಗತ್ತೆ," ಎಂದುಬಿಟ್ಟೆ.

ಅವರು ನನ್ನನ್ನು ನೋಡಿ, ಸರಿ ಎಂಬಂತೆ ತಲೆಯಾಡಿಸಿದರು. ಮುಂದಿನ ವಾರ ಕೊನೆಯ ಅಧ್ಯಾಯ ತಂದರು. ಅದರಲ್ಲಿ ಎಲ್ಲರೂ ಸೇರಿದ್ದರು.

ನಾನು ಮಾಡಿದ ಇನ್ನೊಂದು ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟೈಪು ಮಾಡಿ ಮುಗಿಸಿದ ಹಾಳೆಗಳನ್ನು ಮನೆಗೆ ತಂದು, ಅವರನ್ನು ಕೇಳದೆಯೇ ಮಗಳ ಕೈಗೆ ಕೊಟ್ಟೆ. ಮಕ್ಕಳ ಪುಸ್ತಕ ಒಂದು ಮಗುವಿಗೆ ಹಿಡಿಸುತ್ತದೋ ಇಲ್ಲವೋ ನೋಡೋಣ ಎಂದುಕೊಂಡಿದ್ದೆ. ಹಿಡಿಸಿದರೆ ಹಲ್ಮೊನಿಗೆ ಹೇಳಿ ಖುಷಿಪಡಿಸಬಹುದು ಎಂಬ ಉದ್ದೇಶವೂ ಇತ್ತು.

ಶನಿವಾರ ಮಧ್ಯಾಹ್ನ ಅವಳು ಸೋಫಾದ ಮೇಲೆ ಮಲಗಿಕೊಂಡೇ ಪೂರ್ತಿ ಓದಿದಳು. ಆಮೇಲೆ ಅಡುಗೆಮನೆಗೆ ಬಂದು ನಿಂತಳು. ನಾನು ಬೀನ್ಸ್ ಹೆಚ್ಚುತ್ತಿದ್ದೆ.

"ಅಮ್ಮಾ, ಇಟ್ಸ್ ರಿಯಲಿ ಗುಡ್. ಬಟ್ ಒಂದು ತಪ್ಪಿದೆ."

"ಏನು ತಪ್ಪು? ಸ್ಪೆಲ್ಲಿಂಗಾ?"

"ನೋ. ದ ಸಿಸ್ಟರ್. ದೊಡ್ಡೋಳು. ನದಿ ದಾಟಿದ ಮೇಲೆ ಅವಳು ಮಾತೇ ಆಡಲ್ಲ. ಒಂದು ವರ್ಡೂ ಇಲ್ಲ."

"ಆಡಿರ್ತಾಳೆ, ನೀನು ನೋಡಿಲ್ಲ."

"ಐ ಚೆಕ್ಡ್, ಅಮ್ಮಾ. ಮೊದಲು ಅವಳೇ ಎಲ್ಲರಿಗಿಂತ ಜಾಸ್ತಿ ಮಾತಾಡ್ತಾಳೆ. ಹಾಡು ಹೇಳ್ತಾಳೆ, ಚಿಕ್ಕೋಳಿಗೆ ಬೈತಾಳೆ. ಆಮೇಲೆ ಶೀ ಈಸ್ ಜಸ್ಟ್ ದೇರ್. ಊಟ ಮಾಡಲ್ಲ, ಅವಳಿಗೆ ಚಳಿ ಆಗಲ್ಲ. ವೈ?"

ಕೈ ತೊಳೆದುಕೊಂಡು ಹಾಳೆಗಳನ್ನು ತಿರುವಿದೆ. ಅವಳು ಹೇಳಿದ್ದು ನಿಜವಾಗಿತ್ತು. ನದಿಯಾಚೆ ಪ್ರತಿ ಅಧ್ಯಾಯದಲ್ಲೂ "ಅಮ್ಮ, ಅಜ್ಜಿ, ಅಕ್ಕ, ತಮ್ಮ, ನಾನು" ಎಂಬ ಎಣಿಕೆಯಲ್ಲಿ ಅಕ್ಕ ಬರುತ್ತಿದ್ದಳು. ಎಣಿಕೆಯಾಚೆಗೆ ಎಲ್ಲೂ ಇರಲಿಲ್ಲ. ಪ್ರತಿ ಅಕ್ಷರವನ್ನೂ ಒತ್ತಿ ಟೈಪು ಮಾಡಿದ ನನಗೆ ಅದು ಕಂಡಿರಲಿಲ್ಲ. ರೈಲಿನ ಚಾವಣಿಯ ಮೇಲೆ ಹಗ್ಗ ಕಟ್ಟುವಾಗಲೂ ಗಂಟುಗಳ ಲೆಕ್ಕದಲ್ಲಿ ಅವಳು ತಪ್ಪಿಹೋಗಿದ್ದಳು. ನೋಡನೋಡುತ್ತ ನನಗೆ ವಿಷಯ ಅರ್ಥವಾಗತೊಡಗಿತು. ಮಗಳಿಗೆ ಏನೂ ಹೇಳದೆ ಹಾಳೆಗಳನ್ನು ಕವರಿಗೆ ಹಾಕಿಟ್ಟೆ.

ಮಂಗಳವಾರ ಗುಂಪು ಮುಗಿದ ಮೇಲೆ ಹಲ್ಮೊನಿಯ ಜೊತೆ ಹೊರಗೆ ಬಂದೆ. ಹಳೆಯ ರೈಲುದಾರಿಯನ್ನು ಕಿತ್ತು ನಡೆಯುವವರಿಗಾಗಿ ಮಾಡಿದ ಹಾದಿಯೊಂದು ಅವರ ಅಪಾರ್ಟ್‌ಮೆಂಟಿನ ಪಕ್ಕದಲ್ಲೇ ಹೋಗುತ್ತದೆ. ಅಲ್ಲಿ ಒಂದು ಬೆಂಚಿನ ಮೇಲೆ ಕೂತೆವು. ಕೇಳದೆ ಮಗಳಿಗೆ ಕೊಟ್ಟದ್ದನ್ನು ಮೊದಲು ಒಪ್ಪಿಕೊಂಡು ಕ್ಷಮೆ ಕೇಳಿದೆ.

"ಪರವಾಗಿಲ್ಲ. ಮಕ್ಕಳಿಗೇ ಅಲ್ವಾ ಬರೆದಿರೋದು. ಏನಂದ್ಲು?"

"ತುಂಬಾ ಇಷ್ಟಪಟ್ಟಳು." ಅಷ್ಟಕ್ಕೇ ನಿಲ್ಲಿಸೋಣವೆನ್ನಿಸಿತು. ಆದರೆ ಆಗಲಿಲ್ಲ. "ಒಂದು ಪ್ರಶ್ನೆ ಕೇಳಿದಳು. ನದಿ ದಾಟಿದ ಮೇಲೆ ಅಕ್ಕ ಯಾಕೆ ಮಾತಾಡಲ್ಲ ಅಂತ."

ಹಲ್ಮೊನಿ ತಮ್ಮ ಕೈಚೀಲದ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎದುರಿನ ಓಕ್ ಮರಗಳನ್ನು ನೋಡುತ್ತ ಕೂತರು. ಸೈಕಲ್ಲಿನವರು ಒಬ್ಬಿಬ್ಬರು ಹಾದುಹೋದರು. ಆಮೇಲೆ ಅವರು ಎದ್ದು, "ನಾನು ಮನೆಗೆ ಹೋಗ್ತೀನಿ," ಎಂದಷ್ಟೇ ಹೇಳಿ ಹೊರಟುಹೋದರು.

ಮುಂದಿನ ಮಂಗಳವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಎಂಬತ್ತು ದಾಟಿದ ಹೆಂಗಸಿನ ಮನಸ್ಸನ್ನು ಕೆದಕಿ ನೋಯಿಸಿಬಿಟ್ಟೆನೆಂಬ ಸಂಕಟದಲ್ಲಿ ನನಗೆ ಯಾವ ಕೆಲಸವೂ ಸರಿಯಾಗಿ ಸಾಗಲಿಲ್ಲ. ಆಫೀಸಿಗೆ ಹೋಗುವಾಗ 680 ಹೆದ್ದಾರಿಯಲ್ಲಿ ಎರಡು ಸಲ ಇಳಿಯಬೇಕಾದ ಎಕ್ಸಿಟ್ಟು ಬಿಟ್ಟು ಮುಂದೆ ಹೋದೆ. ಗಂಡ, "ಅವರ ಮಗಳಿಗಾದರೂ ತಿಳಿಸು," ಎಂದರು. ಏನೆಂದು ತಿಳಿಸಲಿ? ಮಗಳಿಗೆ ಎಷ್ಟು ಗೊತ್ತೋ ನನಗೆ ಗೊತ್ತಿರಲಿಲ್ಲ.

ಮೂರನೆಯ ವಾರ ಅವರೇ ಫೋನು ಮಾಡಿದರು. "ಭಾನುವಾರ ಬನ್ನಿ. ಆ ಮಗೂನ ಕರಕೊಂಡು ಬನ್ನಿ. ಅವಳು ಪ್ರಶ್ನೆ ಕೇಳಿದ್ದಾಳೆ, ಅವಳಿಗೇ ಉತ್ತರ ಹೇಳ್ತೀನಿ."

ಅವರ ಮನೆ ಒಂದೇ ಬೆಡ್‌ರೂಮಿನದು. ಕಿಟಕಿಯ ಬಳಿ ಹೊಲಿಗೆ ಮಷೀನು, ಅದರ ಮೇಲೆ ಇಸ್ತ್ರಿ ಮಾಡಿ ಮಡಚಿಟ್ಟ ಬಿಳಿ ಬಟ್ಟೆ. ನಮಗೆ ಬಾರ್ಲಿಯ ಚಹಾ ಕೊಟ್ಟರು. ದೊಡ್ಡ ಪೇರ್ ಹಣ್ಣೊಂದನ್ನು ಸಿಪ್ಪೆ ಎಲ್ಲೂ ಕಡಿಯದಂತೆ ಹೆರೆದು, ಹೋಳು ಮಾಡಿ ಮಗಳ ಮುಂದಿಟ್ಟರು. ಅವಳು ತಿಂದು ಮುಗಿಸುವವರೆಗೂ ಕಾದರು.

"ನೀನು ಕೇಳಿದ್ದು ಸರಿ," ಎಂದರು. "ಅಕ್ಕ ನದಿ ದಾಟಲಿಲ್ಲ. ಅದಕ್ಕೇ ಮಾತಾಡಲ್ಲ."

ಮಗಳು ನನ್ನ ಕಡೆ ನೋಡಿದಳು.

"ಹೊರಡೋ ಹಿಂದಿನ ದಿನ ಅವಳಿಗೆ ದಡಾರ ಎದ್ದಿತ್ತು. ಮೈಯೆಲ್ಲ ಕೆಂಪು, ಜ್ವರ. ಆ ಚಳೀಲಿ ಹೊರಗೆ ಕರಕೊಂಡು ಹೋದರೆ ಉಳಿಯಲ್ಲ ಅಂತ ನಮ್ಮಜ್ಜಿ ಅಂದ್ರು. ತಮ್ಮ ಎಂಟು ತಿಂಗಳ ಕೂಸು, ಅವನಿಗೆ ತಾಗಿದ್ರೂ ಕಷ್ಟ. ಅಜ್ಜಿ, 'ನಾನು ಇವಳ ಜೊತೆ ಇರ್ತೀನಿ, ನೀವು ಹೋಗಿ. ಹತ್ತು ದಿನ ಅಷ್ಟೇ, ಸೈನ್ಯ ವಾಪಸ್ ಬರತ್ತೆ, ಇಲ್ಲದಿದ್ರೆ ನಾವೇ ಬರ್ತೀವಿ,' ಅಂದ್ರು. ಎಲ್ಲರೂ ಹಾಗೇ ಅಂತಿದ್ರು. ಹತ್ತು ದಿನ."

"ಆಮೇಲೆ?" ಎಂದಳು ಮಗಳು.

"ಆಮೇಲೆ ದಾರಿ ಮುಚ್ಚಿಹೋಯ್ತು. ದೇಶದ ಮಧ್ಯೆ ಗಡಿ ಬಂತು. ಆ ಕಡೆಯವರು ಈ ಕಡೆ ಬರಂಗಿಲ್ಲ, ಈ ಕಡೆಯವರು ಆ ಕಡೆ ಹೋಗಂಗಿಲ್ಲ. ಕಾಗದಾನೂ ಇಲ್ಲ. ಅಮ್ಮ ಸಾಯೋವರೆಗೂ ಕಾದರು."

ನನ್ನತ್ತ ತಿರುಗಿ ಹೇಳಿದರು. "ಹೊರಡೋ ಬೆಳಿಗ್ಗೆ ಅಮ್ಮ ಅವಳ ಹತ್ತಿ ತುಂಬಿದ ಕೋಟು ತೆಗೆದು ನನಗೆ ಹಾಕಿದ್ರು. ನಂದು ಹರಿದಿತ್ತು. ಹಾಸಿಗೇಲಿ ಇರೋಳಿಗೆ ಕೋಟು ಯಾಕೆ ಅಂತ. ಅವಳು ಹಾಸಿಗೆಯಿಂದಲೇ ನೋಡಿ, 'ಗಲೀಜು ಮಾಡಬೇಡ, ಬಂದಾಗ ವಾಪಸ್ ಕೊಡಬೇಕು,' ಅಂದ್ಲು. ನಾನು ಅವಳಿಗೆ ನಾಲಿಗೆ ಚಾಚಿ ತೋರಿಸಿದೆ. ಅದೇ ಕೊನೆ."

ಅವರು ಅಳಲಿಲ್ಲ. ನಾನು ಮಾತ್ರ ಚಹಾದ ಲೋಟ ಕೆಳಗಿಟ್ಟು ಕಣ್ಣೊರೆಸಿಕೊಂಡೆ. ಎಪ್ಪತ್ತು ವರ್ಷಕ್ಕೂ ಮಿಕ್ಕಿ ಆ ಒಂದು ಚೇಷ್ಟೆಯನ್ನು ಹೊತ್ತು ತಿರುಗಿದ್ದ ಹೆಂಗಸಿಗೆ, ಎಲ್ಲರೂ ಸೇರಿದ ಹಾಗೆ ಮುಗಿಸಿ ಎಂದು ಬುದ್ಧಿ ಹೇಳಿದ್ದೆನಲ್ಲ ಎಂದು ನಾಚಿಕೆಯಾಯಿತು. ಹಾಗೆಂದು ಅವರಿಗೆ ಹೇಳಿಯೂ ಬಿಟ್ಟೆ.

"ನೀವು ಹೇಳಿದ್ದು ತಪ್ಪಲ್ಲ," ಎಂದರು. "ನನಗೂ ಅದೇ ಆಸೆ ಇತ್ತು. ಕಥೇಲಾದ್ರೂ ಕರಕೊಂಡು ಹೋಗೋಣ ಅಂತ ಅವಳನ್ನೂ ಅಜ್ಜೀನೂ ನದಿ ದಾಟಿಸಿದೆ. ಅಜ್ಜಿ ಏನು ಮಾತಾಡ್ತಾರೆ ಅಂತ ಗೊತ್ತಿತ್ತು. ಅಕ್ಕ ದಾಟಿದ ಮೇಲೆ ಏನು ಮಾತಾಡ್ತಾಳೆ ಅಂತ ಗೊತ್ತಾಗಲಿಲ್ಲ. ಹನ್ನೆರಡು ವರ್ಷದ ಮೇಲಿನ ಅಕ್ಕ ನನಗೆ ಗೊತ್ತೇ ಇಲ್ಲವಲ್ಲ."

ಮಗಳು ಮುಂದಕ್ಕೆ ಬಾಗಿ ಹೇಳಿದಳು. "ಅದನ್ನೇ ಹೇಳಬಹುದಲ್ಲ. ಅವಳು ಬರಲಿಲ್ಲ ಅಂತಲೇ ಬರೀಬಹುದು. ನನಗೆ ದುಃಖ ಆಗತ್ತೆ, ಆದ್ರೂ ಓದ್ತೀನಿ."

"ನಿನ್ನ ವಯಸ್ಸಿನವರಿಗೆ ಭಯ ಆಗಲ್ವಾ?"

"ಆಗತ್ತೆ," ಎಂದಳು. "ಪರವಾಗಿಲ್ಲ."

ಅಂದಿನಿಂದ ಹಲ್ಮೊನಿ ಮತ್ತೆ ಮೊದಲಿನಿಂದ ಬರೆಯತೊಡಗಿದರು. ಆ ಚಳಿಗಾಲವೆಲ್ಲ ಅದೇ ಕೆಲಸ. ಒಂದು ವಾರ ಎರಡು ಪುಟ, ಒಂದು ವಾರ ಅರ್ಧ ಪುಟ. ಇಂಗ್ಲಿಷಿನ "ಸಿಸ್ಟರ್" ಪದ ಅವರಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. "ಇದರಲ್ಲಿ ದೊಡ್ಡೋಳೋ ಚಿಕ್ಕೋಳೋ ಗೊತ್ತಾಗಲ್ಲ. ನಿಮ್ಮ ಭಾಷೇಲಿ?" ಎಂದು ಕೇಳಿದರು. ನಮ್ಮಲ್ಲಿ ಅಕ್ಕನೇ ಬೇರೆ, ತಂಗಿಯೇ ಬೇರೆ ಎಂದೆ. "ನೋಡಿ, ಹಾಗಿರಬೇಕು," ಎಂದು ಇಡೀ ಪುಸ್ತಕದಲ್ಲಿ ಆ ಇಂಗ್ಲಿಷು ಪದ ಹೊಡೆಸಿ, ತಂಗಿಯಾದವಳು ಅಕ್ಕನನ್ನು ಕರೆಯುವ ಕೊರಿಯನ್ ಪದ "ಒನ್ನಿ" ಎಂದು ಹಾಕಿಸಿದರು. ಅಕ್ಕನ ಹೆಸರನ್ನೂ ಬರೆದರು. ಆ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಅದು ಅವರ ಪುಸ್ತಕದ್ದು.

ಊರು ಬಿಟ್ಟು ಹೊರಟ ಆ ಬೆಳಗಿನ ಅಧ್ಯಾಯವನ್ನು ಮಾತ್ರ ಅವರು ಕೈಯಲ್ಲಿ ಬರೆದು ತರಲಿಲ್ಲ. ಬಾಯಿಯಲ್ಲಿ ಹೇಳುತ್ತಾ ಹೋದರು, ನಾನು ಟೈಪು ಮಾಡುತ್ತಾ ಹೋದೆ. ನಾಲಿಗೆ ಚಾಚಿದ್ದನ್ನೂ ಬಿಡಲಿಲ್ಲ.

ಆದರೆ ಅವರ ಮಗಳಿಗೆ ಇದಾವುದೂ ತಿಳಿದಿರಲಿಲ್ಲ. ತನಗೊಬ್ಬ ದೊಡ್ಡಮ್ಮ ಇದ್ದಳೆಂದೇ ಗೊತ್ತಿರಲಿಲ್ಲ. ಲೈಬ್ರರಿಯವರು ವಸಂತ ಕಾಲದ ಒಂದು ಶನಿವಾರ ಹಿರಿಯರು ಬರೆದದ್ದನ್ನು ಮಕ್ಕಳಿಗೆ ಓದಿ ಹೇಳುವ ಕಾರ್ಯಕ್ರಮ ಇಟ್ಟರು. ಹಲ್ಮೊನಿ ಮಗಳನ್ನು ಕರೆದರು. ಅದಕ್ಕೆ ಮುಂಚೆ ಮನೆಯಲ್ಲಿ ಕೂರಿಸಿ ಹೇಳಿಬಿಡಿ ಎಂದು ನಾನು ಎರಡು ಸಲ ಹೇಳಿದೆ. ಎರಡು ಸಲವೂ, "ಹೇಳ್ತೀನಿ," ಎಂದರು. ಹೇಳಲಿಲ್ಲ.

ಆ ದಿನ ಜಮಖಾನೆಯ ಮೇಲೆ ಇಪ್ಪತ್ತು ಇಪ್ಪತ್ತೈದು ಮಕ್ಕಳು ಕೂತಿದ್ದರು. ಹಿಂದಿನ ಕುರ್ಚಿಗಳಲ್ಲಿ ಅಪ್ಪ ಅಮ್ಮಂದಿರು. ಹಲ್ಮೊನಿಯ ಮಗಳು ಆಸ್ಪತ್ರೆಯಿಂದ ನೇರವಾಗಿ ಬಂದು, ಕೊರಳಿನ ಬ್ಯಾಡ್ಜನ್ನೂ ತೆಗೆಯದೆ ನನ್ನ ಪಕ್ಕದಲ್ಲಿ ಕೂತಿದ್ದರು. ಹಲ್ಮೊನಿ ಹೊರಡುವ ಬೆಳಗಿನ ಅಧ್ಯಾಯ ಓದಿದರು. ಉಚ್ಚಾರ ತಡವರಿಸುತ್ತಿದ್ದರೂ ದನಿ ನಡುಗಲಿಲ್ಲ. ಓದಿ ಮುಗಿಸಿದಾಗ ಮುಂದೆ ಕೂತಿದ್ದ ಒಬ್ಬ ಪುಟ್ಟ ಹುಡುಗಿ ಕೈ ಎತ್ತಿದಳು.

"ಇದು ನಿಜವಾಗಿ ಆಗಿದ್ದಾ?"

"ಒಂದಿಷ್ಟು ಕಟ್ಟಿದ್ದು. ಇದು ನಿಜ."

"ಒನ್ನಿಗೆ ಜ್ವರ ವಾಸಿ ಆಯ್ತಾ?"

"ನನಗೆ ಗೊತ್ತಿಲ್ಲ," ಎಂದರು ಹಲ್ಮೊನಿ. "ಆಗಿರಬಹುದು. ನಮ್ಮಜ್ಜಿ ತುಂಬಾ ಚೆನ್ನಾಗಿ ನೋಡಿಕೊಳ್ಳೋರು."

ನನ್ನ ಪಕ್ಕದ ಕುರ್ಚಿ ಖಾಲಿಯಾಗಿತ್ತು. ಹಲ್ಮೊನಿಯ ಮಗಳು ಎದ್ದು ಹೊರಗೆ ಹೋಗಿದ್ದರು. ನಾನು ಹಿಂದೆಯೇ ಹೋದೆ. ಪಾರ್ಕಿಂಗ್ ಲಾಟಿನಲ್ಲಿ ತಮ್ಮ ಕಾರಿಗೆ ಒರಗಿ ನಿಂತಿದ್ದರು.

"ನಿಮಗೆ ಗೊತ್ತಿತ್ತು," ಎಂದರು. ದನಿಯಲ್ಲಿ ಸಿಟ್ಟಿತ್ತು.

"ಕೆಲವು ತಿಂಗಳಿಂದ."

"ಐವತ್ತೆರಡು ವರ್ಷದಿಂದ ನಾನು ಅವರ ಮಗಳು. ಅಪರಿಚಿತ ಮಕ್ಕಳ ಜೊತೆ ಕೂತು ಕೇಳಿಸಿಕೊಳ್ಳಬೇಕಾಯ್ತು."

ಅವರ ಸಿಟ್ಟು ನ್ಯಾಯವಾದದ್ದೇ ಆಗಿತ್ತು. ಅಷ್ಟರಲ್ಲಿ ಹಲ್ಮೊನಿಯೇ ನನ್ನ ಮಗಳ ಕೈ ಹಿಡಿದುಕೊಂಡು ನಿಧಾನವಾಗಿ ಬಂದರು. ತಾಯಿ ಮಗಳು ಕೊರಿಯನ್ನಿನಲ್ಲಿ ಮಾತಾಡಿದರು. ಮಗಳ ಕೊರಿಯನ್ ಮಧ್ಯೆ ಮಧ್ಯೆ ನಿಂತು ಇಂಗ್ಲಿಷಿಗೆ ಹೊರಳುತ್ತಿತ್ತು, ನಮ್ಮ ಮನೆಯ ಕನ್ನಡದ ಹಾಗೆ. ಏನು ಮಾತಾಡಿದರೆಂದು ನನಗೆ ಆಗ ತಿಳಿಯಲಿಲ್ಲ. ಮಗಳು ತಲೆ ತಗ್ಗಿಸಿ, ತಾಯಿಯ ಹೆಗಲಿಗೆ ಹಣೆ ಒರಗಿಸಿದ್ದನ್ನು ಮಾತ್ರ ಕಂಡೆ. ನಾನೂ ನನ್ನ ಮಗಳೂ ಒಳಗೆ ಬಂದುಬಿಟ್ಟೆವು.

ಆಮೇಲೊಮ್ಮೆ ಹಲ್ಮೊನಿಯೇ ಹೇಳಿದರು. "ಯಾಕೆ ಹೇಳಲಿಲ್ಲ ಅಂತ ಮಗಳು ಕೇಳಿದ್ಲು. ಹೇಳಿದ್ರೆ, ಅಕ್ಕನ್ನ ಬಿಟ್ಟು ನೀನು ಯಾಕೆ ಬಂದೆ ಅಂತ ಕೇಳ್ತೀಯ ಅಂತ ಹೆದರಿದ್ದೆ ಅಂದೆ. ಅವಳು ಅಂದ್ಲು, ಆಗ ನಿನಗೆ ಏಳು ವರ್ಷ ಅಮ್ಮ. ಅಷ್ಟೇ ಅಂದಿದ್ದು. ಅಷ್ಟು ಸಾಕಾಯ್ತು."

ಪುಸ್ತಕವನ್ನು ಯಾವ ಪ್ರಕಾಶಕರಿಗೂ ಕಳಿಸಲಿಲ್ಲ. ಕಾಪಿ ಶಾಪಿನಲ್ಲಿ ಸುರುಳಿ ತಂತಿ ಹಾಕಿಸಿ ಮೂವತ್ತು ಪ್ರತಿ ಮಾಡಿಸಿದರು. ಒಂದು ನಮ್ಮ ಮನೆಯಲ್ಲಿದೆ, ಎರಡು ನನ್ನ ಮಗಳ ಸ್ಕೂಲಿನಲ್ಲಿವೆ. ಬೇಸಿಗೆಯ ಕೊನೆಗೆ ಹಲ್ಮೊನಿ ಅಪಾರ್ಟ್‌ಮೆಂಟು ಬಿಟ್ಟು ಡ್ಯಾನ್‌ವಿಲ್‌ಗೆ, ಮಗಳ ಮನೆಗೆ ಹೋದರು. ಮಂಡಿ ನೋವು ಜಾಸ್ತಿಯಾಗಿತ್ತು, ಮಗಳೂ ಬಿಡಲಿಲ್ಲ.

ಮಂಗಳವಾರದ ಮೂಲೆಯ ಮೇಜಿನಲ್ಲಿ ಈಗ ಬೇರೊಬ್ಬರು ಕೂರುತ್ತಾರೆ. ಹಲ್ಮೊನಿ ತಿಂಗಳಿಗೊಮ್ಮೆ ಫೋನು ಮಾಡುತ್ತಾರೆ. ಹೋದ ಸಲ ಮಾಡಿದಾಗ ತಮ್ಮ ಮಗಳ ಬಗ್ಗೆ ದೂರು ಹೇಳಿದರು. ಭಾನುವಾರ ಬೆಳಿಗ್ಗೆ ಆಯಿತೆಂದರೆ ಮಗಳು ಕಂಪ್ಯೂಟರು ಹಿಡಿದು ಎದುರಿಗೆ ಕೂರುತ್ತಾಳಂತೆ. ಅಜ್ಜಿಯ ಊರು ಯಾವುದು, ತಾತನ ಶಾಲೆ ಎಲ್ಲಿತ್ತು, ಬುಸಾನಿನ ಗುಡಿಸಲಿಗೆ ಬಾಗಿಲು ಯಾವ ಕಡೆಗಿತ್ತು ಎಂದು ಒಂದೇ ಸಮ ಕೇಳುತ್ತಾಳಂತೆ.

"ಚಹಾ ಕುಡಿಯೋಕೂ ಬಿಡಲ್ಲ," ಎಂದರು. "ಟೈಪಿಂಗೂ ನಿಮ್ಮಷ್ಟು ಜೋರಿಲ್ಲ. ನಾನು ಒಂದು ಮಾತು ಹೇಳಿ, ಅವಳು ಮುಗಿಸೋವರೆಗೆ ಕಾಯಬೇಕು."

"ಕಾಯ್ತೀರಾ?" ಎಂದೆ.

"ಕಾಯ್ತೀನಿ," ಎಂದರು.